ಘಟ್ಟ ಹತ್ತುವ ಮೊದಲು: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಎರಡು ಗಂಟೆ ಹೋದರೆ ಘಟ್ಟ. ಕರಾವಳಿಯವರಿಗೆ ಇದೊಂದು ಭಾಗ್ಯ. ಬೆಳಿಗ್ಗೆ ಮನೆಯಲ್ಲಿ ಚಾ ಕುಡಿದು ಹೊರಟವರು ಮಧ್ಯಾಹ್ನ ಶೃಂಗೇರಿಯ ಊಟದ ಪಂಕ್ತಿಯಲ್ಲಿ ಕೂರಬಹುದು. ಆದರೆ "ಇಲ್ಲೇ ಅಲ್ವಾ" ಎಂಬ ಧೈರ್ಯವೇ ಜಾಸ್ತಿ ಜನರನ್ನು ಪೇಚಿಗೆ ಸಿಲುಕಿಸುವುದು. ಯಾವ ತಿಂಗಳು, ಯಾವ ದಾರಿ, ಯಾರ ಅನುಮತಿ ಎಂದು ನೋಡದೆ ಹೊರಡುತ್ತಾರೆ. ಗೇಟಿನ ತನಕ ಹೋಗಿ ವಾಪಸ್ ಬರುತ್ತಾರೆ. ನೆಂಟರಿಷ್ಟರು, ಆಫೀಸಿನವರು, ರಜೆಗೆ ಊರಿಗೆ ಬಂದವರು ನನ್ನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗ ಯಾವುದು?

ಉಡುಪಿಯವರಿಗೆ ಆಗುಂಬೆ ಸುಮಾರು 55 ಕಿ.ಮೀ., ಕೊಲ್ಲೂರು ಸುಮಾರು 75 ಕಿ.ಮೀ. ಮಂಗಳೂರಿನವರಿಗೆ ಕಾರ್ಕಳ 50, ಗಡಾಯಿಕಲ್ಲು 65, ಕುಕ್ಕೆ 105 ಕಿ.ಮೀ. ಹತ್ತಿರ. ಇವೆಲ್ಲ ಒಂದು ದಿನದ ಲೆಕ್ಕಕ್ಕೆ ಬರುತ್ತವೆ. ಶೃಂಗೇರಿಯೂ ಬರುತ್ತದೆ. ಮುಳ್ಳಯ್ಯನಗಿರಿಗೆ ಒಂದೇ ದಿನದಲ್ಲಿ ಹೋಗಿ ಬರುವವರು ಇದ್ದಾರೆ. ಆದರೆ ಚಿಕ್ಕಮಗಳೂರಿಗೇ 150 ಕಿ.ಮೀ. ಆಗುತ್ತದೆ, ನಡುವೆ ಚಾರ್ಮಾಡಿ ಘಾಟಿ ಬೇರೆ. ದಿನವಿಡೀ ಕಾರಿನಲ್ಲೇ ಕೂತು ಬಂದ ಹಾಗೆ ಆಗುತ್ತದೆ. ಒಂದು ರಾತ್ರಿ ಉಳಿಯುವುದಾದರೆ ಮಾತ್ರ ಹೋಗಿ.

ಆಗುಂಬೆ, ಶೃಂಗೇರಿ, ಹೊರನಾಡು, ಕುದುರೆಮುಖ ಒಂದೇ ಸುತ್ತಿನಲ್ಲಿ ಮುಗಿಸಬಹುದಾ?

ಮ್ಯಾಪಿನಲ್ಲಿ ಆಗುತ್ತದೆ. ಟ್ರಾವೆಲ್ಸ್‌ನವರು ಪ್ಯಾಕೇಜ್ ಕೂಡ ಮಾಡುತ್ತಾರೆ. ಆಗುಂಬೆಯಲ್ಲಿ ಹತ್ತಿ, ಶೃಂಗೇರಿ, ಹೊರನಾಡು ನೋಡಿ, ಕಳಸ ಕುದುರೆಮುಖ ಮೂಲಕ ಬಜಗೋಳಿಗೆ ಇಳಿಯುವುದು. ಸುತ್ತು ಚೆನ್ನಾಗಿಯೇ ಇದೆ. ತೊಂದರೆ ಏನೆಂದರೆ, ದೇವಸ್ಥಾನಗಳ ಬಾಗಿಲು ಮಧ್ಯಾಹ್ನ ಮುಚ್ಚುತ್ತದೆ. ಒಂದು ಕಡೆ ಅರ್ಧ ಗಂಟೆ ತಡವಾದರೆ ಮುಂದಿನ ಕಡೆ ಎರಡು ಗಂಟೆ ಕಾಯಬೇಕು. ಕುದುರೆಮುಖದ ಕಾಡಿನ ರಸ್ತೆಗೆ ಬರುವಾಗ ಕತ್ತಲೆ. ಆ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. ಕಂಡ ಕಂಡಲ್ಲಿ ನಿಲ್ಲಿಸುವ ಹಾಗಿಲ್ಲ, ಹಗಲಲ್ಲಿ ದಾಟಿದರೇ ಅದಕ್ಕೆ ಅರ್ಥ.

ನಾನು ಹೇಳುವುದು ಇಷ್ಟೇ. ಒಂದು ದಿನಕ್ಕೆ ಒಂದು ಬೆಟ್ಟ, ಜೊತೆಗೆ ಬೇಕಾದರೆ ಒಂದು ದೇವಸ್ಥಾನ. ಆಗುಂಬೆ ಮತ್ತು ಶೃಂಗೇರಿ ಒಂದು ದಿನ. ಹೊರನಾಡು ಮತ್ತು ಕುದುರೆಮುಖದ ರಸ್ತೆ ಇನ್ನೊಂದು ದಿನ. ನಾಲ್ಕನ್ನೂ ಮುಗಿಸಿ ಬಂದವರಲ್ಲಿ "ಹೇಗಿತ್ತು" ಎಂದು ಕೇಳಿ ನೋಡಿ. ಘಾಟಿಯ ತಿರುವುಗಳ ಬಗ್ಗೆ ಬಿಟ್ಟು ಬೇರೇನೂ ಹೇಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ನಡೆಯುವವರಿಗೆ ಅಕ್ಟೋಬರ್ ಕೊನೆಯಿಂದ ಜನವರಿ ತನಕ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರು, ತೊರೆಯಲ್ಲಿ ನೀರು ಇರುತ್ತದೆ, ಆಕಾಶ ತಿಳಿ. ಆಗುಂಬೆಯ ಸೂರ್ಯಾಸ್ತಕ್ಕೂ ಇದೇ ಸಮಯ. ಮೋಡ ಇಲ್ಲದ ಸಂಜೆ ಅಲ್ಲಿಂದ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ. ಜುಲೈಯಲ್ಲಿ ಸೂರ್ಯಾಸ್ತ ನೋಡಲು ಹೋದವರು ಮಂಜು ನೋಡಿ ಬರುತ್ತಾರೆ. ಅದೂ ಚಂದವೇ, ಆದರೆ ಹೋದ ಕೆಲಸ ಅದಲ್ಲ.

ಫೆಬ್ರವರಿ ನಂತರ ಹುಲ್ಲು ಒಣಗುತ್ತದೆ, ಕಾಡಿಗೆ ಬೆಂಕಿ ಬೀಳುವ ಭಯ ಶುರುವಾಗುತ್ತದೆ. ಅರಣ್ಯ ಇಲಾಖೆ ಹೆಚ್ಚಿನ ಚಾರಣದ ದಾರಿಗಳನ್ನು ಆಗ ಮುಚ್ಚುತ್ತದೆ. ಏಪ್ರಿಲ್, ಮೇಯಲ್ಲಿ ಮಕ್ಕಳಿಗೆ ರಜೆ, ನಮಗೆ ಸೆಕೆ, ಬೆಟ್ಟಕ್ಕೆ ಹೋಗೋಣ ಅನಿಸುತ್ತದೆ. ಆಗ ಕಾರಿನಲ್ಲೇ ಮೇಲಿನ ತನಕ ಹೋಗುವ ಜಾಗ ಆರಿಸಿಕೊಳ್ಳಿ.

ಹಾಗಾದರೆ ಮಳೆಗಾಲದಲ್ಲಿ ಹೋಗಲೇಬಾರದಾ?

ಹೋಗಬಹುದು. ಆದರೆ ನೋಡಲು ಹೋಗಿ, ಹತ್ತಲು ಹೋಗಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಡಲಿನಿಂದ ಬಂದ ಮೋಡಕ್ಕೆ ಘಟ್ಟ ಅಡ್ಡ ನಿಲ್ಲುತ್ತದೆ. ಮೋಡ ಮೇಲೇರುತ್ತದೆ, ತಣಿಯುತ್ತದೆ, ಅಲ್ಲೇ ಸುರಿಯುತ್ತದೆ. ಉಡುಪಿಯಲ್ಲಿ ಹನಿ ಮಳೆ ಇದ್ದ ದಿನವೂ ಆಗುಂಬೆ ಘಾಟಿಯ ಬುಡದ ಸೋಮೇಶ್ವರ ದಾಟಿದ ಮೇಲೆ ವೈಪರ್ ಸಾಕಾಗದೇ ಹೋಗಬಹುದು.

ಈ ಸಮಯದಲ್ಲಿ ಎರಡು ಅಪಾಯ. ಒಂದು, ಗುಡ್ಡ ಜರಿಯುವುದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಹಲವು ಕಡೆ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು. ಎರಡನೆಯದು ತೊರೆ. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ನೀರು ಮಧ್ಯಾಹ್ನ ಸೊಂಟದ ಮಟ್ಟಕ್ಕೆ ಬರುತ್ತದೆ. ನಿಮ್ಮ ತಲೆ ಮೇಲೆ ಮಳೆ ಬೀಳಬೇಕೆಂದಿಲ್ಲ, ಮೇಲೆಲ್ಲೋ ಸುರಿದರೆ ಸಾಕು. ಜಲಪಾತದ ಬಂಡೆ ಮೇಲೆ ನಿಂತು ಫೋಟೋ ತೆಗೆಯುವವರು ಇದನ್ನು ಮರೆಯುತ್ತಾರೆ.

ಜಿಲ್ಲಾಧಿಕಾರಿಗಳು ರೆಡ್ ಅಲರ್ಟ್ ಎಂದು ಶಾಲೆಗೆ ರಜೆ ಕೊಟ್ಟ ದಿನ "ರಜೆ ಸಿಕ್ಕಿತಲ್ಲ" ಎಂದು ಘಟ್ಟ ಹತ್ತುವವರು ಪ್ರತಿ ವರ್ಷ ಇರುತ್ತಾರೆ. ರಜೆ ಕೊಟ್ಟದ್ದು ಮನೆಯಲ್ಲಿ ಕೂರಲಿಕ್ಕೆ ಮಾರಾಯ್ರೆ.

ಯಾವ ಘಾಟಿಯಲ್ಲಿ ಹೋಗುವುದು?

ಹೋಗುವ ಜಾಗದ ಮೇಲೆ ಹೋಗುತ್ತದೆ. ಆಗುಂಬೆ ಘಾಟಿ ಹೆಬ್ರಿ, ಸೋಮೇಶ್ವರದ ಮೇಲೆ. 14 ಹೇರ್‌ಪಿನ್ ತಿರುವು, ಕಡಿದಾದ ಏರು, ರಸ್ತೆ ಕಿರಿದು. ಇಲ್ಲಿ ಓಡುವುದು ಮಿನಿ ಬಸ್ಸುಗಳು. ದೊಡ್ಡ ಟೂರಿಸ್ಟ್ ಬಸ್ಸಿನಲ್ಲಿ ಶೃಂಗೇರಿಗೆ ಹೋಗುವವರು ಕಾರ್ಕಳ, ಮಾಳ, ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ದಾರಿ ಹಿಡಿಯಬೇಕು. ಆ ದಾರಿ ನೆರಳಿನದು, ಸಮಾಧಾನದ್ದು. ಚಾರ್ಮಾಡಿ ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುತ್ತದೆ. ಚಿಕ್ಕಮಗಳೂರಿಗೆ ಇದೇ. ಮೇಲೆ ತಲುಪಿದ ಕೂಡಲೇ ಬಿಸಿ ಬಿಸಿ ನೀರು ದೋಸೆ ಸಿಗುತ್ತದೆ ಎಂಬುದು ಈ ದಾರಿಯ ಇನ್ನೊಂದು ಲಾಭ. ಶಿರಾಡಿ ಬೆಂಗಳೂರಿನ ಹೆದ್ದಾರಿ, ಲಾರಿ ಟ್ಯಾಂಕರ್‌ಗಳದ್ದೇ ಸಾಮ್ರಾಜ್ಯ. ನೋಡುವ ಖುಷಿಗೆ ಅದನ್ನು ಆರಿಸಬೇಡಿ. ಕೊಡಗಿಗೆ ಸುಳ್ಯ, ಸಂಪಾಜೆ.

ಮಳೆಗಾಲದಲ್ಲಿ ಈ ಯಾವ ಘಾಟಿಯಲ್ಲೂ ಭಾರೀ ವಾಹನಕ್ಕೆ, ಕೆಲವೊಮ್ಮೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬರಬಹುದು. ಹೊರಡುವ ದಿನದ ಪೇಪರ್ ನೋಡಿ.

ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಿ, ಮೊಬೈಲ್ ನೋಡಬೇಡಿ, ಹೊರಡುವಾಗ ಬನ್ಸ್, ಗೋಳಿಬಜೆ ಬೇಡ. ಎರಡು ಇಡ್ಲಿ ಸಾಕು.

ಕೊಡಚಾದ್ರಿಗೆ ನಮ್ಮ ಕಾರಿನಲ್ಲೇ ಹೋಗಬಹುದಾ?

ಕೊಲ್ಲೂರಿನ ತನಕ ಆರಾಮಾಗಿ ಹೋಗಿ. ಮೇಲಿನದು ನಿಮ್ಮ ಕಾರು ಹೋಗುವ ದಾರಿಯಲ್ಲ. ಕೊಲ್ಲೂರಿನಿಂದ ಜೀಪು ಸಿಗುತ್ತದೆ, ಜನ ತುಂಬಿದ ಮೇಲೆ ಹೊರಡುತ್ತದೆ. ಸುತ್ತು ಬಳಸಿ ಸುಮಾರು 40 ಕಿ.ಮೀ. ಕೊನೆಯ ಭಾಗ ಕಲ್ಲು, ಹೊಂಡ, ಕೆಸರು. ಬೆನ್ನು ನೋವು ಇದ್ದವರು, ಗರ್ಭಿಣಿಯರು ದಯವಿಟ್ಟು ಹತ್ತಬೇಡಿ. ಜೀಪಿನವರು "ಏನೂ ಆಗಲ್ಲ" ಎಂದೇ ಹೇಳುತ್ತಾರೆ. ಅವರಿಗೆ ಆಗುವುದಿಲ್ಲ, ದಿನಾ ಅದೇ ದಾರಿ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಅಲ್ಲೊಂದು ಹಳೆಯ ಕಬ್ಬಿಣದ ಕಂಬ ನೆಟ್ಟಿದೆ, ತುಂಬಾ ಜನ ನೋಡದೇ ಮುಂದೆ ಹೋಗುತ್ತಾರೆ. ಮಳೆ, ಮಂಜು ತಿಂದೂ ನಿಂತಿರುವ ಆ ಕಂಬದ ಎದುರು ಎರಡು ನಿಮಿಷ ನಿಲ್ಲಿ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಕಾಲುದಾರಿ, ನಡುವೆ ಗಣಪತಿ ಗುಹೆ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರು, ದೇವಿ ಅವರ ಹಿಂದೆ ಕೊಲ್ಲೂರಿನ ತನಕ ಬಂದಳು ಎಂಬುದು ನಂಬಿಕೆ. ಪೀಠದ ಸಣ್ಣ ಕಲ್ಲಿನ ಮಂಟಪ 1,343 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿದೆ. ಗಾಳಿ ಜೋರು. ಸರ್ವಜ್ಞ ಪೀಠದಿಂದ ಕೆಳಗಿಳಿದರೆ ಚಿತ್ರಮೂಲ ಎಂಬ ಗುಹೆ. ಆ ಇಳಿಜಾರು ಕಡಿದು, ಜಾರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇಡ.

ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಕೊಲ್ಲೂರು ನಮ್ಮ ಉಡುಪಿ ಜಿಲ್ಲೆಯಲ್ಲಿ. ನಡೆದು ಹತ್ತುವವರು ಹೆಚ್ಚಾಗಿ ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿಯುತ್ತಾರೆ. ಮಳೆ ಜೋರಾದಾಗ ಜೀಪೂ ಇಲ್ಲ, ನಡಿಗೆಯೂ ಇಲ್ಲ.

ಕ್ರಮ ಹೇಗೆ ಎಂದು ಕೇಳುವವರು ಇದ್ದಾರೆ. ಬೆಳಿಗ್ಗೆ ಬೇಗ ಕೊಲ್ಲೂರಿನಲ್ಲಿ ದರ್ಶನ, ಆಮೇಲೆ ಬೆಟ್ಟ. ಬೆಟ್ಟದಿಂದ ಇಳಿದಾಗ ಬಟ್ಟೆ ತುಂಬಾ ಧೂಳು, ಸ್ನಾನ ಮಾಡದೆ ದೇವಸ್ಥಾನಕ್ಕೆ ಹೋಗಲು ನಿಮಗೇ ಮನಸ್ಸು ಬಾರದು.

ಕುಮಾರ ಪರ್ವತ ಅಷ್ಟು ಕಷ್ಟ ಅಂತಾರೆ, ನಿಜವಾ?

ನಿಜ. ಅದರ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರ. ಆದರೆ ಮುಳ್ಳಯ್ಯನಗಿರಿಯಲ್ಲಿ ಹೆಚ್ಚಿನ ಎತ್ತರವನ್ನು ಕಾರು ಹತ್ತಿರುತ್ತದೆ, ನಿಮಗೆ ಉಳಿಯುವುದು ಮೆಟ್ಟಿಲು ಮಾತ್ರ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಹೆಚ್ಚು ಕಡಿಮೆ ನಮ್ಮ ಕರಾವಳಿಯ ಮಟ್ಟದಲ್ಲೇ. ಅಲ್ಲಿಂದ ಹೊರಟವರು ಒಂದೂವರೆ ಕಿಲೋಮೀಟರಿಗೂ ಮೀರಿದ ಎತ್ತರವನ್ನು ಕಾಲಿನಲ್ಲೇ ಏರಬೇಕು. ದಾರಿ ಒಂದು ಕಡೆಗೇ ಸುಮಾರು 13 ಕಿ.ಮೀ. ಇದೇ ಕಷ್ಟದ ಗುಟ್ಟು.

ಮೊದಲು ದಟ್ಟ ಕಾಡು, ಸೆಕೆ, ಬೇರುಗಳ ಮೇಲೆ ಏರು. ಆಮೇಲೆ ಗಿರಿಗದ್ದೆ. ಅಲ್ಲಿಯ ಭಟ್ಟರ ಮನೆಯಲ್ಲಿ ಅನ್ನ ಸಾಂಬಾರು ಉಂಡ ನೆನಪು ಹಳೆಯ ಚಾರಣಿಗರಿಗೆಲ್ಲ ಇರುತ್ತದೆ. ಅರಣ್ಯ ಇಲಾಖೆಯ ತಪಾಸಣೆ ದಾಟಿದರೆ ಬಯಲು ಹುಲ್ಲುಗಾವಲು, ನೆರಳೇ ಇಲ್ಲ. ಮಧ್ಯಾಹ್ನ ಇಲ್ಲಿ ಸಿಕ್ಕಿಬಿದ್ದವರ ಕಥೆ ಮುಗಿಯಿತು. ನಂತರ ಕಲ್ಲು ಮಂಟಪ, ಶೇಷ ಪರ್ವತ. ಶೇಷ ಪರ್ವತವನ್ನೇ ತುದಿ ಎಂದುಕೊಂಡು ಉಸ್ಸಪ್ಪಾ ಎಂದು ಕೂರುವವರು ಜಾಸ್ತಿ. ಅಲ್ಲಿಂದ ಇಳಿದು, ಒಂದು ತುಂಡು ಕಾಡು ದಾಟಿ, ಬಂಡೆ ಹತ್ತಿದ ಮೇಲೆ ಕುಮಾರ ಪರ್ವತ.

ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಅರ್ಧದಷ್ಟೇ. ಮೊದಲ ಸಲ ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಇದು ಪುಷ್ಪಗಿರಿ ವನ್ಯಜೀವಿಧಾಮ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಅದಾದ ಮೇಲೆ ನಿಯಮ ಬಿಗಿಯಾಯಿತು. ಈಗ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲ. ಕುಕ್ಕೆಯ ದರ್ಶನಕ್ಕೆ ಬಂದವರು "ಹೇಗೂ ಬಂದಿದ್ದೇವೆ, ಹತ್ತಿ ಬರೋಣ" ಎನ್ನುವ ಕಾಲ ಹೋಯಿತು.

ಕುದುರೆಮುಖ, ನೇತ್ರಾವತಿ ಬೆಟ್ಟಕ್ಕೂ ಅನುಮತಿ ಬೇಕಾ?

ಬೇಕು. ಅರಣ್ಯ ಇಲಾಖೆಯ "ಅರಣ್ಯ ವಿಹಾರ" ಜಾಲತಾಣದಲ್ಲಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಶನಿವಾರ ಭಾನುವಾರದ ಜಾಗ ಬೇಗ ತುಂಬುತ್ತದೆ. ಗುರುತಿನ ಚೀಟಿ ಕೈಯಲ್ಲಿರಲಿ. ಇಲಾಖೆಯ ಗೈಡ್ ಜೊತೆಗೆ ಬರುತ್ತಾರೆ. ಕಾಡಿನಲ್ಲಿ ಟೆಂಟ್ ಹಾಕುವ ಹಾಗಿಲ್ಲ. "ಒಳಗಿನ ದಾರಿ ಗೊತ್ತುಂಟು, ಬುಕಿಂಗ್ ಬೇಡ" ಎಂದು ಯಾರಾದರೂ ಹೇಳಿದರೆ ಹೋಗಬೇಡಿ. ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ, ಹೇಳಿದವರ ಮೇಲೆ ಅಲ್ಲ.

ಕುದುರೆಮುಖದ ತುದಿ 1,894 ಮೀಟರ್. ಕಳಸ, ಸಂಸೆ ಕಡೆಯ ಮುಳ್ಳೋಡಿಯಿಂದ ನಡಿಗೆ ಶುರು, ಹೋಗಿ ಬರಲು ಸುಮಾರು 20 ಕಿ.ಮೀ. ನೇತ್ರಾವತಿ ಇದಕ್ಕಿಂತ ಚಿಕ್ಕದು. ಮೊದಲ ಬಾರಿಗೆ ಅದು ಸಾಕು.

ಮಂಗಳೂರಿನವರಿಗೆ ಕುದುರೆಮುಖ ಎಂದರೆ ಮೊದಲು ನೆನಪಾಗುವುದು ಪಣಂಬೂರಿನ ಕಂಪನಿ. ಬೆಟ್ಟದ ಕಬ್ಬಿಣದ ಅದಿರನ್ನು ನೀರಿನ ಜೊತೆ ಅರೆದು 67 ಕಿ.ಮೀ. ಉದ್ದದ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಹೋರಾಟ ನಡೆಯಿತು, ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. 1987ರಲ್ಲೇ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾಗಿದ್ದ ಕಾಡು ಇದು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆ, ಪುಷ್ಪಗಿರಿಯ ಕಾಡುಗಳೂ ಅದರಲ್ಲಿದ್ದವು. ಹಳೆಯ ಕುದುರೆಮುಖ ಪಟ್ಟಣದ ಖಾಲಿ ಕ್ವಾರ್ಟರ್ಸ್‌ಗಳನ್ನು ದಾರಿಯಲ್ಲಿ ನೋಡುವಾಗ ಈ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು.

ಅಪ್ಪ ಅಮ್ಮನಿಗೆ ಮೊಣಕಾಲು ನೋವು. ಅವರನ್ನೂ ಬೆಟ್ಟಕ್ಕೆ ಕರೆದೊಯ್ಯುವ ಆಸೆ. ಎಲ್ಲಿಗೆ?

ಕುಂದಾದ್ರಿಗೆ. ಆಗುಂಬೆಯಿಂದ ಗುಡ್ಡೇಕೇರಿ ಕಡೆಗೆ ಹೋದರೆ ಸಿಗುತ್ತದೆ. ರಸ್ತೆ ಹತ್ತಿರ ಹತ್ತಿರ ತುದಿಯ ತನಕ ಇದೆ, ಕೊನೆಗೆ ಸ್ವಲ್ಪ ಮೆಟ್ಟಿಲು. 826 ಮೀಟರ್ ಎತ್ತರದ ಒಂಟಿ ಬಂಡೆ ಬೆಟ್ಟ. ಮೇಲೆ ಪಾರ್ಶ್ವನಾಥರ ಬಸದಿ, ಪಕ್ಕದಲ್ಲಿ ನೀರು ತುಂಬಿದ ಕೊಳ. ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರು ಎಂದು ಜೈನರು ನಂಬುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಕೆಳಗೆ ಮೋಡ, ಮೇಲೆ ನೀವು. ರಸ್ತೆ ಕಡಿದು, ಎದುರಿನಿಂದ ವಾಹನ ಬಂದರೆ ಹಿಂದೆ ಸರಿಯಬೇಕಾಗುತ್ತದೆ. ಹೊಸದಾಗಿ ಡ್ರೈವಿಂಗ್ ಕಲಿತವರ ಕೈಗೆ ಸ್ಟೇರಿಂಗ್ ಕೊಡಬೇಡಿ.

ಇನ್ನೂ ಸುಲಭ ಬೇಕಾದರೆ ಗೊಮ್ಮಟಗಳು. ಕಾರ್ಕಳದ್ದು 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು, ಸುಮಾರು 42 ಅಡಿ. ಕಲ್ಲು ಗುಡ್ಡದ ಮೇಲೆ ನಿಂತರೆ ಪೂರ್ವಕ್ಕೆ ಘಟ್ಟದ ಸಾಲು ಪೂರ್ತಿ ಕಾಣುತ್ತದೆ, ಎದುರಿಗೆ 1586ರ ಚತುರ್ಮುಖ ಬಸದಿ. ವೇಣೂರಿನದು 1604ರದ್ದು, 35 ಅಡಿ. ಅಲ್ಲಿ ಹತ್ತುವುದೇ ಇಲ್ಲ, ಫಲ್ಗುಣಿ ನದಿಯ ದಂಡೆ. ಧರ್ಮಸ್ಥಳದ ರತ್ನಗಿರಿಯ ಬಾಹುಬಲಿ ನಮ್ಮ ಕಾಲದ್ದು, 39 ಅಡಿ, 1982ರಲ್ಲಿ ಪ್ರತಿಷ್ಠೆ ಆದದ್ದು. ಮೂರನ್ನೂ ಒಂದು ದಿನದಲ್ಲಿ ನೋಡಬಹುದು. "ಒಂದು ದಿನಕ್ಕೆ ಒಂದು ಬೆಟ್ಟ" ಎಂದೆನಲ್ಲ, ಅದಕ್ಕೆ ಇದೊಂದು ರಿಯಾಯಿತಿ.

ಗಡಾಯಿಕಲ್ಲು ಹತ್ತಬಹುದಾ? ಅದನ್ನು ಕಟ್ಟಿದ್ದು ಯಾರು?

ಬೆಳ್ತಂಗಡಿಯ ಹತ್ತಿರ ಒಂದೇ ಬಂಡೆಯಾಗಿ ಎದ್ದು ನಿಂತಿದೆಯಲ್ಲ, ಅದೇ. ನರಸಿಂಹ ಗಢ ಎಂಬ ಹೆಸರೂ ಇದೆ, ಜಮಲಾಬಾದ್ ಎಂಬ ಹೆಸರೂ ಇದೆ. ಸಮುದ್ರ ಮಟ್ಟದಿಂದ ಸುಮಾರು 1,700 ಅಡಿ. 1794ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಕೋಟೆ ಕಟ್ಟಿಸಿ ತಾಯಿ ಜಮಾಲ್ ಬೀಯ ಹೆಸರಿಟ್ಟ. 1799ರಲ್ಲಿ ಅವನು ಸತ್ತ ಮೇಲೆ ಕೋಟೆ ಬ್ರಿಟಿಷರ ಪಾಲಾಯಿತು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಹತ್ತಿರ ಹತ್ತಿರ ಎರಡು ಸಾವಿರ. ಒಂದೊಂದರ ಎತ್ತರ ಒಂದೊಂದು ತರಹ, ಹಾಗಾಗಿ ಲಯ ಸಿಗುವುದಿಲ್ಲ, ಸುಸ್ತು ಬೇಗ. ಇಷ್ಟು ಕಿರಿದಾದ ಒಂದೇ ದಾರಿಯಲ್ಲಿ ಸೈನ್ಯ ಹತ್ತುವುದು ಹೇಗೆ ಎಂದು ಅರ್ಧ ದಾರಿಯಲ್ಲಿ ನಿಂತು ಯೋಚಿಸಿದರೆ ಕೋಟೆ ಯಾಕೆ ಇಲ್ಲೇ ಎಂದು ತಾನಾಗಿ ತಿಳಿಯುತ್ತದೆ.

ಮಳೆಯಲ್ಲಿ ಮೆಟ್ಟಿಲು ಪಾಚಿ ಕಟ್ಟುತ್ತದೆ, ಆಗ ಬಿಡುವುದಿಲ್ಲ. ಬಿಸಿಲಿನಲ್ಲಿ ಬಂಡೆ ಕಾವಲಿ. ಡಿಸೆಂಬರ್, ಜನವರಿಯ ಬೆಳಗ್ಗೆ ಹೋಗಿ. ಅರಣ್ಯ ಇಲಾಖೆಯ ಟಿಕೆಟ್ ಇದೆ.

ಊರ ಹತ್ತಿರವೇ, ಅರ್ಧ ದಿನಕ್ಕೆ?

ಬಂಟ್ವಾಳದ ಕಾರಿಂಜ. ಎಲ್ಲ ಸೇರಿ ಸುಮಾರು ಐನೂರು ಮೆಟ್ಟಿಲು. ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಕಾರಿಂಜೇಶ್ವರ. ಕೆಳಗಿನ ಗದಾ ತೀರ್ಥವನ್ನು ಭೀಮ ಗದೆಯಿಂದ ಮಾಡಿದ್ದು ಎನ್ನುತ್ತಾರೆ. ಮಂಗಗಳಿವೆ, ಕೈಯಲ್ಲಿ ಚೀಲ ತೂಗಾಡಿಸಬೇಡಿ. ಅದೇ ತಾಲೂಕಿನಲ್ಲಿ ಹೆದ್ದಾರಿಯ ಬದಿಗೆ ನರಹರಿ ಪರ್ವತ. ಆಟಿ ಅಮಾವಾಸ್ಯೆಯ ದಿನ ತೀರ್ಥಸ್ನಾನಕ್ಕೆ ಜನ ಸೇರುತ್ತಾರೆ, ಆ ದಿನ ಸುಮ್ನೆ ನೋಡಲು ಹೋಗುವವರು ತಪ್ಪಿಸಿಕೊಳ್ಳುವುದೇ ವಾಸಿ.

ಉಡುಪಿಯವರಿಗೆ ಕುಂಜಾರುಗಿರಿ. ಮೇಲೆ ದುರ್ಗೆ, ಕೆಳಗೆ ಮಧ್ವಾಚಾರ್ಯರು ಹುಟ್ಟಿದ ಪಾಜಕ. ಸುತ್ತ ಪರಶು, ಧನುಸ್, ಬಾಣ, ಗದಾ ಎಂಬ ನಾಲ್ಕು ತೀರ್ಥಗಳು. ಮಕ್ಕಳಿಗೆ ಬೆಟ್ಟ ಹತ್ತುವ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ.

ಬಾಬಾ ಬುಡನ್‌ಗಿರಿ, ಮುಳ್ಳಯ್ಯನಗಿರಿಗೆ ಏನಾದರೂ ವಿಶೇಷ ಸೂಚನೆ?

2025ರಿಂದ ವಾಹನಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು. ವಾರಾಂತ್ಯದಲ್ಲಿ ಟ್ರಾಫಿಕ್ ಬೆಂಗಳೂರನ್ನು ನೆನಪಿಸುತ್ತದೆ, ವಾರದ ನಡುವೆ ಹೋಗಿ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸುತ್ತಮುತ್ತ ಪ್ರವಾಸಿಗರಿಗೆ ನಿರ್ಬಂಧ ಹಾಕುತ್ತಾರೆ.

ಬಾಬಾ ಬುಡನ್‌ಗಿರಿಯ ಗುಹೆಗೆ ಹಿಂದೂಗಳೂ ಮುಸ್ಲಿಮರೂ ಹೋಗುತ್ತಾರೆ, ದತ್ತಾತ್ರೇಯ ಎಂದೂ ದಾದಾ ಹಯಾತ್ ಎಂದೂ ಕರೆಯುತ್ತಾರೆ. ಯೆಮನ್‌ನ ಮೋಕಾದಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ನೆಟ್ಟದ್ದು ಇದೇ ಗಿರಿಯಲ್ಲಿ ಎಂಬುದು ಪ್ರತೀತಿ. ಅಲ್ಲಿ ಚಾ ಕೇಳಬೇಡಿ, ಕಾಫಿ ಕುಡಿಯಿರಿ.

ಕರಾವಳಿಯವರಿಗೆ ಚಳಿಯ ಅಂದಾಜೇ ಇರುವುದಿಲ್ಲ. ಸ್ವೆಟರ್ ತೆಗೆದುಕೊಳ್ಳಿ.

ತಲಕಾವೇರಿಗೆ ಯಾವಾಗ?

ತೀರ್ಥೋದ್ಭವ ನೋಡಬೇಕಿದ್ದರೆ ತುಲಾ ಸಂಕ್ರಮಣ, ಅಂದರೆ ಅಕ್ಟೋಬರ್ 17ರ ಆಸುಪಾಸು. ವಿಪರೀತ ಜನ. ಸಮಾಧಾನವಾಗಿ ನೋಡಬೇಕಿದ್ದರೆ ಅದು ಕಳೆದು ಎರಡು ವಾರ ಬಿಟ್ಟು. 1,276 ಮೀಟರ್ ಎತ್ತರ, ಕಾರು ಬಾಗಿಲ ತನಕ ಹೋಗುತ್ತದೆ. ಕೆಳಗೆ ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮವಿದೆ. ಸುಳ್ಯದಿಂದ ಪಾಣತ್ತೂರು, ಕರಿಕೆ ಮೂಲಕ ಹೋದರೆ ಮಡಿಕೇರಿ ಸುತ್ತುವ ಕೆಲಸವಿಲ್ಲ. ಆ ದಾರಿ ಕಿರಿದು, ಅಂಗಡಿ ಕಡಿಮೆ, ಕಾಡು ಜಾಸ್ತಿ. ಹಗಲಿಗೆ ಮಾತ್ರ.

ದೇವಸ್ಥಾನಕ್ಕೂ ಚಾರಣಕ್ಕೂ ಒಂದೇ ಬಟ್ಟೆ ಆಗುತ್ತಾ?

ಆಗುವುದಿಲ್ಲ. ಕುಕ್ಕೆ, ಧರ್ಮಸ್ಥಳ, ಕೊಲ್ಲೂರಿನಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದು ಒಳಗೆ ಹೋಗಬೇಕು. ಚಡ್ಡಿ, ಬರ್ಮುಡಾ ನಡೆಯುವುದಿಲ್ಲ. ಒಂದು ಪಂಚೆ, ಒಂದು ಶಾಲು ಕಾರಿನಲ್ಲಿ ಇಟ್ಟುಬಿಡಿ. ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಇರುವ ಚೂಡಿದಾರ್ ಆದರೆ ಎಲ್ಲಿಯೂ ತಕರಾರಿಲ್ಲ.

ಊಟದ ಚಿಂತೆ ಬೇಡ. ಕುಕ್ಕೆ, ಧರ್ಮಸ್ಥಳ, ಕೊಲ್ಲೂರು, ಶೃಂಗೇರಿ, ಹೊರನಾಡು ಎಲ್ಲ ಕಡೆ ಅನ್ನಪ್ರಸಾದ ಇದೆ.

ಉಂಬಳ ಕಚ್ಚಿದರೆ ಏನು ಮಾಡುವುದು?

ಕಿರುಚುವುದನ್ನು ನಿಲ್ಲಿಸುವುದು. ಉಂಬಳದಿಂದ ಯಾರಿಗೂ ಏನೂ ಆಗುವುದಿಲ್ಲ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ಕಿತ್ತರೆ ಗಾಯ ತುರಿಸುತ್ತದೆ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಒತ್ತಿ ಹಿಡಿಯಿರಿ. ಹೊರಡುವಾಗಲೇ ಪ್ಯಾಂಟನ್ನು ಕಾಲುಚೀಲದ ಒಳಗೆ ಸಿಕ್ಕಿಸಿ, ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಸವರಿಕೊಂಡರೆ ಅರ್ಧ ತೊಂದರೆ ಕಡಿಮೆ.

ಹೆದರಬೇಕಾದದ್ದು ಉಣುಗಿಗೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳಕ್ಕೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಅಂದರೆ ಚಾರಣದ ಕಾಲದ ಕೊನೆಯ ಎರಡು ತಿಂಗಳೂ ಅದರೊಳಗೇ. ಒಣ ಎಲೆಯ ರಾಶಿಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯಲು. ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಎಂದು ಮೊದಲೇ ಹೇಳಿ.

ಹಾವು?

ಆಗುಂಬೆ ಕಾಳಿಂಗದ ಊರು. ಅವುಗಳ ಅಧ್ಯಯನಕ್ಕೆಂದೇ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲೊಂದು ಕೇಂದ್ರ ತೆರೆದರು. ದಾರಿ ಬಿಟ್ಟು ಪೊದೆಗೆ ಕಾಲಿಡದಿದ್ದರೆ, ಕತ್ತಲಲ್ಲಿ ಟಾರ್ಚ್ ಇದ್ದರೆ ಸಾಕು.

ರೈಲಿನಲ್ಲಿ ಘಟ್ಟ ನೋಡಬಹುದಾ? ಹಳಿ ಮೇಲೆ ನಡೆಯುವ ಟ್ರೆಕ್ಕಿಂಗ್ ಈಗಲೂ ಇದೆಯಾ?

ಎರಡನೆಯದಕ್ಕೆ ಮೊದಲು ಉತ್ತರ. ಇಲ್ಲ, ಹಳಿ ಮೇಲೆ ನಡೆಯುವುದು ಅಪರಾಧ. ಹಳೆಯ ಫೋಟೋ ನೋಡಿ ಆಸೆಪಡಬೇಡಿ. ಸುರಂಗದ ನಡುವೆ ಗೂಡ್ಸ್ ಬಂದರೆ ನಿಲ್ಲಲು ಜಾಗ ಇರುವುದಿಲ್ಲ.

ಒಳಗೆ ಕೂತು ನೋಡುವುದಕ್ಕೆ ಇದಕ್ಕಿಂತ ಚಂದದ ದಾರಿ ಸಿಗುವುದು ಕಷ್ಟ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ. ಮಂಗಳೂರು ಯಶವಂತಪುರ ಹಗಲು ರೈಲಿಗೆ 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಹಗಲು ರೈಲೇ ಬೇಕು. ರಾತ್ರಿ ರೈಲಿನಲ್ಲಿ ಘಟ್ಟ ಬರುವಾಗ ನೀವು ನಿದ್ರೆಯಲ್ಲಿರುತ್ತೀರಿ. ವಿಸ್ಟಾಡೋಮ್ ದುಬಾರಿ ಅನಿಸಿದರೆ ಸಾಮಾನ್ಯ ಬೋಗಿಯ ಕಿಟಕಿಯೂ ಚೆನ್ನ. ಗಾಳಿ, ಮಣ್ಣಿನ ವಾಸನೆ ಗಾಜಿನೊಳಗೆ ಸಿಗುವುದಿಲ್ಲ.

ಸ್ವಂತ ವಾಹನ ಇಲ್ಲ. ಬಸ್ಸಿನಲ್ಲಿ ಆಗುತ್ತಾ?

ಆಗುತ್ತದೆ. ಉಡುಪಿಯಿಂದ ಹೆಬ್ರಿ, ಆಗುಂಬೆ ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆಗೆ ಮಿನಿ ಬಸ್ಸುಗಳಿವೆ. ಕೊಲ್ಲೂರಿಗೆ ಉಡುಪಿ, ಕುಂದಾಪುರದಿಂದ ಬೇಕಾದಷ್ಟಿವೆ. ರೈಲಿನಲ್ಲಿ ಬರುವವರು ಬೈಂದೂರು ಮೂಕಾಂಬಿಕಾ ರೋಡ್‌ನಲ್ಲಿ ಇಳಿಯಬೇಕು. ಕುಕ್ಕೆ, ಧರ್ಮಸ್ಥಳಕ್ಕೆ ಮಂಗಳೂರಿನಿಂದ ಸರ್ಕಾರಿ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಹಾಗಾಗಿ ರಜಾದಿನ ಈ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲ. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳಲ್ಲಿ ದುಡ್ಡು ಕೊಡಬೇಕು. ಘಟ್ಟದ ಮೇಲೆ ಕೊನೆಯ ಬಸ್ಸು ಬೇಗ ಹೋಗುತ್ತದೆ. ಇಳಿದ ಕೂಡಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಕೇದಾರ, ಬದರಿಗೆ ಹೋಗುವ ಮೊದಲು ಇಲ್ಲಿ ಅಭ್ಯಾಸ ಮಾಡಿದರೆ ಸಾಕಾ?

ಕಾಲಿಗೆ ಸಾಕು, ಉಸಿರಿಗೆ ಸಾಲದು. ನಮ್ಮ ಅತಿ ಎತ್ತರದ ಬೆಟ್ಟವೇ 2,000 ಮೀಟರ್ ಮುಟ್ಟುವುದಿಲ್ಲ. ಬದರಿ 3,100 ಮೀಟರ್ ಮೇಲೆ, ಕೇದಾರ 3,500 ಮೀಟರ್ ಮೇಲೆ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ನಂತರ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆ ಶುರುವಾಗುತ್ತದೆ. ಕಡಲ ಮಟ್ಟದಲ್ಲಿ ಹುಟ್ಟಿ ಬೆಳೆದವರು ವಿಮಾನದಲ್ಲಿ ಹೋಗಿ ಮರುದಿನವೇ ಹತ್ತುವುದು ಬುದ್ಧಿವಂತಿಕೆಯಲ್ಲ. ನಡುವೆ ಒಂದೆರಡು ರಾತ್ರಿ ತಂಗಿ, ನಿಧಾನ ಏರಿ. ಬಿ.ಪಿ., ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಟಿಕೆಟ್ ಮಾಡಬೇಡಿ. ಯಾತ್ರೆಯ ನೋಂದಣಿ ಕಡ್ಡಾಯ.

ಅಭ್ಯಾಸಕ್ಕೆ ಹೊರಡುವ ಮೂರು ತಿಂಗಳ ಮೊದಲಿನಿಂದ ವಾರಕ್ಕೊಮ್ಮೆ ಕಾರಿಂಜವೋ ಕುಂಜಾರುಗಿರಿಯೋ ಹತ್ತಿ ಇಳಿಯಿರಿ. ಇಳಿಯುವುದೇ ಮುಖ್ಯ, ಮೊಣಕಾಲು ಕೈಕೊಡುವುದು ಇಳಿಯುವಾಗ.

ಚೀಲದಲ್ಲಿ ಏನು ಇರಬೇಕು?

ಎರಡು ಲೀಟರ್ ನೀರು ಸ್ಟೀಲ್ ಬಾಟಲಿಯಲ್ಲಿ. ಪ್ಲಾಸ್ಟಿಕ್ಕನ್ನು ಗೇಟಿನಲ್ಲೇ ತೆಗೆಸುತ್ತಾರೆ. ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಉಪ್ಪಿನ ಪೊಟ್ಟಣ. ಟಾರ್ಚ್. ರೈನ್‌ಕೋಟ್, ಯಾಕೆಂದರೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಒಣ ಕಾಲುಚೀಲ ಒಂದು ಜೊತೆ ಹೆಚ್ಚಿಗೆ. ಹಿಡಿತ ಇರುವ ಶೂ, ಹೊಸದಾದರೆ ನಾಲ್ಕು ದಿನ ಮೊದಲೇ ಹಾಕಿ ಪಳಗಿಸಿ. ಗುರುತಿನ ಚೀಟಿ, ಬುಕಿಂಗ್‌ನ ಪ್ರಿಂಟ್, ಸ್ವಲ್ಪ ನಗದು. ನೆಟ್‌ವರ್ಕ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ, ಜೀಪಿನವರು ಕಾಯುವುದಿಲ್ಲ. ಸೋಮೇಶ್ವರ ದಾಟುವ ಮೊದಲು ಮನೆಗೊಂದು ಫೋನ್ ಮಾಡಿ, ಯಾವ ಬೆಟ್ಟ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿಬಿಡಿ.